ಎಪಿಕೆಯೊಳಗೆ ಲೈಬ್ರರಿ ಇದ್ದರೂ ಫೋನಿನಲ್ಲಿ ಸಿಗುತ್ತಿಲ್ಲ

ಪ್ರಶ್ನೆ (ಶಿರಸಿ):
ನಮಸ್ಕಾರ. ಚಾಲಿ, ಕೆಂಪುಗೋಟು, ಬಿಳೆಗೋಟು ಅಡಿಕೆಯನ್ನು ಚಿತ್ರ ನೋಡಿ ವಿಂಗಡಿಸಲು ನೆರವಾಗುವ ಆಂಡ್ರಾಯ್ಡ್ ಆ್ಯಪ್ ಸಿದ್ಧಪಡಿಸುತ್ತಿದ್ದೇನೆ. ಚಿತ್ರ ಸಂಸ್ಕರಣೆಯ ಸಿ ಪ್ಲಸ್ ಪ್ಲಸ್ ಭಾಗದ ಮೂಲ ಕೋಡ್ ನನ್ನ ಬಳಿ ಇಲ್ಲ. ಬಿಲ್ಡ್ ಆಗಿರುವ ಎಸ್‌ಒ ಫೈಲ್ (ಆ್ಯಪ್ ಓಡುವಾಗ ಲೋಡ್ ಆಗುವ ಲೈಬ್ರರಿ) ಮಾತ್ರ ಇದೆ. ಬಿಲ್ಡ್ ಸಾಧನವಾದ ಸಿಮೇಕ್‌ನಲ್ಲಿ ಅದನ್ನು 'ಇಂಪೋರ್ಟೆಡ್' (ಹೊರಗಿನಿಂದ ತಂದದ್ದು) ಎಂದು ಘೋಷಿಸಿ, ಆ್ಯಪಿನ ಜಾವಾ ಕೋಡಿಗೂ ಸಿ ಪ್ಲಸ್ ಪ್ಲಸ್‌ಗೂ ಸೇತುವೆಯಾದ ನನ್ನ ಜೆಎನ್‌ಐ ಲೈಬ್ರರಿಗೆ ಲಿಂಕ್ ಮಾಡಿದ್ದೇನೆ. ಬಿಲ್ಡ್ ಸರಿಯಾಗಿ ಮುಗಿಯುತ್ತದೆ, ಆದರೆ ಆ್ಯಪ್ ತೆರೆದೊಡನೆ 'ಅನ್‌ಸ್ಯಾಟಿಸ್ಫೈಡ್ ಲಿಂಕ್ ಎರರ್' ಬರುತ್ತದೆ. ಸಿಗಲಿಲ್ಲವೆಂದು ಅದು ತೋರಿಸುವುದು ಬರೀ ಫೈಲಿನ ಹೆಸರನ್ನಲ್ಲ, ನನ್ನ ಲ್ಯಾಪ್‌ಟಾಪಿನ ಪೂರ್ತಿ ಪಾಥನ್ನು. ಎಪಿಕೆ (ಆ್ಯಪಿನ ಇನ್‌ಸ್ಟಾಲ್ ಫೈಲ್) ಬಿಚ್ಚಿ ನೋಡಿದರೆ 64-ಬಿಟ್ ಫೋನುಗಳಿಗಾಗಿರುವ ಆರ್ಮ್64-ವಿ8ಎ ಫೋಲ್ಡರಿನಲ್ಲಿ ಫೈಲ್ ಇದ್ದೇ ಇದೆ. ದಯವಿಟ್ಟು ದಾರಿ ತೋರಿಸಿ.

ಉತ್ತರ (ಕಾರವಾರ):
ತಾವು ಆ ಪಾಥನ್ನು ಗಮನಿಸಿದ್ದು ಒಳ್ಳೆಯದಾಯಿತು. ದೋಷದ ಮೂಲ ಅಲ್ಲಿಯೇ ಇದೆ. ಲಿಂಕ್ ಮಾಡುವಾಗ ಲಿಂಕರ್ ಆ ಎಸ್‌ಒ ಫೈಲಿನೊಳಗೆ ಬರೆದಿರುವ 'ಸೋನೇಮ್' ಎಂಬ ಹೆಸರನ್ನು ಓದಿ, ಅದನ್ನೇ ತಮ್ಮ ಜೆಎನ್‌ಐ ಲೈಬ್ರರಿಯ 'ನೀಡೆಡ್' (ಬೇಕಾದ ಲೈಬ್ರರಿಗಳ) ಪಟ್ಟಿಯಲ್ಲಿ ದಾಖಲಿಸುತ್ತದೆ. ಅಂಥ ಹೆಸರೇ ಇಲ್ಲದಿದ್ದರೆ, ಸಿಮೇಕ್ ಕೊಟ್ಟ ಪಾಥ್ ಇದ್ದ ಹಾಗೆಯೇ ದಾಖಲಾಗಿಬಿಡುತ್ತದೆ. ಆಂಡ್ರಾಯ್ಡ್ 6.0ಕ್ಕೂ ಮೊದಲು ಲೋಡರ್ (ಫೋನಿನಲ್ಲಿ ಲೈಬ್ರರಿಗಳನ್ನು ಹುಡುಕಿ ತೆರೆಯುವ ಭಾಗ) ಪಾಥಿನ ಕೊನೆಯ ಹೆಸರನ್ನಷ್ಟೇ ನೋಡುತ್ತಿದ್ದುದರಿಂದ ಈ ಕೊರತೆ ಬೆಳಕಿಗೆ ಬರುತ್ತಿರಲಿಲ್ಲ. ಎಪಿಐ 23 (ಅಂದರೆ ಆಂಡ್ರಾಯ್ಡ್ 6.0) ಅಥವಾ ಅದಕ್ಕೂ ಮೇಲಿನದನ್ನು ಗುರಿಯಾಗಿಸಿದ ಆ್ಯಪ್‌ಗಳಿಗೆ ಈಗ ಆ ವಿನಾಯಿತಿ ಇಲ್ಲ.

ಆಂಡ್ರಾಯ್ಡಿನ ಸಿ ಪ್ಲಸ್ ಪ್ಲಸ್ ಸಾಧನಗಳ ಕಟ್ಟಾದ ಎನ್‌ಡಿಕೆಯಲ್ಲಿರುವ, ಬೈನರಿಯೊಳಗಿನ ಮಾಹಿತಿ ತೋರಿಸುವ ಎಲ್‌ಎಲ್‌ವಿಎಂ-ರೀಡೆಲ್ಫ್ ಅನ್ನು 'ಮೈನಸ್ ಡಿ' ಆಯ್ಕೆಯೊಂದಿಗೆ ಆ ಎಸ್‌ಒ ಮತ್ತು ತಮ್ಮ ಜೆಎನ್‌ಐ ಲೈಬ್ರರಿ ಎರಡರ ಮೇಲೂ ಓಡಿಸಿ ನೋಡಿ. ಸೋನೇಮ್ ಇಲ್ಲವೆಂದು ಖಚಿತವಾದರೆ, ಸಿಮೇಕ್‌ನಲ್ಲಿ ಆ ಲೈಬ್ರರಿಗೆ 'ಇಂಪೋರ್ಟೆಡ್ ನೋ ಸೋನೇಮ್' ಗುಣವನ್ನು 'ಟ್ರೂ' ಮಾಡಿ. ಆಗ ಪಾಥಿನ ಬದಲು ಹೆಸರು ಮಾತ್ರ ದಾಖಲಾಗುತ್ತದೆ. ಬೈನರಿ ತಿದ್ದುವ ಪ್ಯಾಚೆಲ್ಫ್ ಎಂಬ ಸಾಧನ ಬಳಸಿ ಫೈಲಿನೊಳಗೇ ಹೆಸರು ಸೇರಿಸಬಹುದಾದರೂ, ಬೇರೆಯವರು ಕಟ್ಟಿಕೊಟ್ಟ ಬೈನರಿಯನ್ನು ತಿದ್ದುವುದು ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ ಕೇಳಿದವರು:
ಸೋನೇಮ್ ಇರಲಿಲ್ಲ. ತಾವು ಹೇಳಿದಂತೆ ಮಾಡಿ, ಹಳೆಯ ಬಿಲ್ಡಿನ ಉಳಿಕೆಗಳಿರುವ '.ಸಿಎಕ್ಸ್ಎಕ್ಸ್' ಫೋಲ್ಡರ್ ಅಳಿಸಿ ಮತ್ತೆ ಬಿಲ್ಡ್ ಮಾಡಿದ ಮೇಲೆ ಪಾಥಿನ ದೋಷ ಹೋಯಿತು. ಈಗ 'ಲಿಬ್‌ಸಿ++_ಶೇರ್ಡ್' ಸಿಗಲಿಲ್ಲ ಎನ್ನುತ್ತಿದೆ.

ಉತ್ತರ (ಕಾರವಾರ):
ಅದು ಸಿ ಪ್ಲಸ್ ಪ್ಲಸ್ ಭಾಷೆಯ ಮೂಲ ಲೈಬ್ರರಿಯ, ಪ್ರತ್ಯೇಕ ಫೈಲಾಗಿ ಬರುವ ಆವೃತ್ತಿ. ತಮಗೆ ದೊರೆತ ಲೈಬ್ರರಿಗೆ ಅದು ಬೇಕು, ಆದರೆ ತಮ್ಮ ಪ್ರಾಜೆಕ್ಟ್ ಒಳಗೇ ಸೇರಿಹೋಗುವ ರೂಢಿಯ ಸ್ಟ್ಯಾಟಿಕ್ ಆವೃತ್ತಿಯನ್ನೇ ಬಳಸುತ್ತಿದೆ. ಇಡೀ ಆ್ಯಪನ್ನು ಬಿಲ್ಡ್ ಮಾಡುವ ಗ್ರೇಡಲ್‌ನಿಂದ ಸಿಮೇಕ್‌ಗೆ ಕೊಡುವ ಆಯ್ಕೆಗಳಲ್ಲಿ 'ಆಂಡ್ರಾಯ್ಡ್ ಎಸ್‌ಟಿಎಲ್' ಬೆಲೆಯನ್ನು 'ಸಿ++_ಶೇರ್ಡ್' ಎಂದು ಬದಲಿಸಿದರೆ ಆ ಫೈಲ್ ಎಪಿಕೆಗೆ ತಾನಾಗಿ ಸೇರುತ್ತದೆ.

ಪ್ಲೇ ಸ್ಟೋರಿಗೆ ಹಾಕುವ ಉದ್ದೇಶವಿದ್ದರೆ ಇನ್ನೊಂದನ್ನು ಈಗಲೇ ಪರೀಕ್ಷಿಸಿ. ಆಂಡ್ರಾಯ್ಡ್ 15 ಮತ್ತು ಮುಂದಿನದನ್ನು ಗುರಿಯಾಗಿಸಿದ ಆ್ಯಪ್‌ಗಳು 16 ಕೆಬಿ ಪೇಜ್ (ಫೋನ್ ಮೆಮೊರಿಯನ್ನು ವಿಭಾಗಿಸುವ ತುಂಡು) ಗಾತ್ರವನ್ನು ಬೆಂಬಲಿಸಬೇಕೆಂಬ ನಿಯಮ 2025ರ ನವೆಂಬರ್ 1ರಿಂದ ಇದೆ. ರೀಡೆಲ್ಫ್‌ನಲ್ಲಿ 'ಮೈನಸ್ ಎಲ್' ಕೊಟ್ಟಾಗ 'ಲೋಡ್' ಸಾಲುಗಳ ಅಲೈನ್‌ಮೆಂಟ್ 0ಎಕ್ಸ್4000ಕ್ಕಿಂತ (ಅಂದರೆ 16 ಕೆಬಿಗಿಂತ) ಕಡಿಮೆ ಕಂಡರೆ, ಲೈಬ್ರರಿ ಕೊಟ್ಟವರಿಂದಲೇ ಹೊಸ ಬಿಲ್ಡ್ ಕೇಳಬೇಕಾಗುತ್ತದೆ. ಕೇಳುವಾಗ ಸೋನೇಮ್ ಕೂಡ ಸೇರಿಸಲು ತಿಳಿಸಿ.