ಕೀಮೋ ಹೇಗಿತ್ತು ಅಂತ ಕೇಳಿದರೆ ಎಷ್ಟು ಹೇಳಬೇಕು?

ಆರು ಸೈಕಲ್: ಪರಿಚಯದವರೊಬ್ಬರಿಗೆ ಕ್ಯಾನ್ಸರ್, ನಾಳೆ ಮೊದಲ ಕೀಮೋ. ನನಗೆ ಕೊಟ್ಟ ಔಷಧಿಯೇ ಅವರಿಗೂ. ಹೇಗಿರುತ್ತೆ ಅಂತ ಫೋನ್ ಮಾಡಿ ಕೇಳಿದರು. ನಾನು ಮುಚ್ಚಿಡದೆ ಹೇಳಿದೆ: ಬಾಯಿ ಹುಣ್ಣು, ಮೂರನೇ ದಿನದ ಸುಸ್ತು, ಎರಡು ವಾರ ಕಳೆದ ಮೇಲೆ ದಿಂಬಿನ ತುಂಬಾ ಕೂದಲು. ಡಾಕ್ಸೊರೂಬಿಸಿನ್ ಕೆಂಪು ಬಣ್ಣದ ಔಷಧಿ, ಒಂದೆರಡು ದಿನ ಮೂತ್ರವೂ ಕೆಂಪಗೆ ಬರುತ್ತೆ, ಅದು ರಕ್ತ ಅಲ್ಲ ಅಂತಲೂ ಹೇಳಿದೆ. ಈಗ ಅವರ ಮಗಳು ಫೋನ್ ಮಾಡಿ, "ಅಮ್ಮ ಊಟ ಬಿಟ್ಟು ಕೂತಿದ್ದಾರೆ, ಇಷ್ಟೆಲ್ಲ ಹೇಳಬೇಕಿತ್ತಾ?" ಅಂತ ಬೈದರು. ನನ್ನದು ತಪ್ಪಾ?

ಮಿತಭಾಷಿ: ತಪ್ಪು ಅಂತಲೇ ನನ್ನ ಅಭಿಪ್ರಾಯ, ಬೇಜಾರು ಮಾಡ್ಕೋಬೇಡಿ. ಒಂದೇ ಔಷಧಿ ಆದರೂ ಎಲ್ಲರ ಮೈ ಒಂದೇ ಥರ ಅಲ್ಲ. ಔಷಧಿ ಬೇರೆಯಾದರಂತೂ ಕೇಳಲೇಬೇಡಿ. ನಮ್ಮಪ್ಪನಿಗೆ ಕ್ಯಾಪೆಸಿಟಬಿನ್ ಅನ್ನೋ ಕೀಮೋ ಮಾತ್ರೆ ಇತ್ತು. ಕೂದಲು ಉದುರಲೇ ಇಲ್ಲ, ಅಂಗೈ ಅಂಗಾಲು ಕೆಂಪಾಗಿ ಸಿಪ್ಪೆ ಎದ್ದಿತು. ಆದರೆ ಯಾರೋ ಹೇಳಿದ್ದನ್ನು ಕೇಳಿ ಮೊದಲ ದಿನವೇ ತಲೆ ಬೋಳಿಸಿಕೊಂಡು ಬಂದಿದ್ದರು.

ಫ್ರಿಜ್ ಬಾಗಿಲು: ನನಗೆ ಯಾರೂ ಏನೂ ಹೇಳಿರಲಿಲ್ಲ. "ಸಣ್ಣಪುಟ್ಟ ತೊಂದರೆ ಇರುತ್ತೆ" ಅಂದರು, ಅಷ್ಟೇ. ಆಕ್ಸಾಲಿಪ್ಲಾಟಿನ್ ಅನ್ನೋ ಕೀಮೋ ಹಾಕಿಸಿಕೊಂಡು ಮನೆಗೆ ಬಂದು ಫ್ರಿಜ್‌ನಿಂದ ನೀರಿನ ಬಾಟಲಿ ತೆಗೆದೆ. ಬೆರಳಿಗೆ ಕರೆಂಟ್ ಹೊಡೆದ ಹಾಗಾಗಿ ಬಾಟಲಿ ಕೈಬಿಟ್ಟಿತು. ಎತ್ತಿಕೊಂಡು ಒಂದು ಗುಟುಕು ಕುಡಿದೆ ನೋಡಿ, ಗಂಟಲು ಕಟ್ಟಿಹೋಯಿತು, ಉಸಿರೇ ನಿಂತ ಹಾಗೆ. ಇಲ್ಲಿಗೆ ನನ್ನ ಕಥೆ ಮುಗೀತು ಅಂದುಕೊಂಡೆ. ಆ ಔಷಧಿಗೆ ತಣ್ಣಗಿರೋದು ಆಗಿಬರೋದಿಲ್ಲ, ಕೆಲವು ದಿನ ಹೀಗಿರುತ್ತೆ ಅಂತ ಆಮೇಲೆ ಗೊತ್ತಾಯಿತು. ಒಂದೇ ಒಂದು ಮಾತು ಮೊದಲೇ ಹೇಳಿದ್ದರೆ ಸಾಕಿತ್ತು ಅಲ್ವಾ?

ಮಿತಭಾಷಿ: ಅದನ್ನು ಹೇಳಬೇಕಾದ್ದು ಆಸ್ಪತ್ರೆಯವರು. ಇನ್ನೊಂದು ವಿಷಯ. ಕಷ್ಟಪಟ್ಟವರೇ ಜಾಸ್ತಿ ಮಾತಾಡುತ್ತಾರೆ. ಸಲೀಸಾಗಿ ಮುಗಿಸಿದವರು ಎದ್ದು ಕೆಲಸಕ್ಕೆ ಹೋಗಿರುತ್ತಾರೆ, ಅವರ ಕಥೆ ಯಾರ ಕಿವಿಗೂ ಬೀಳೋದಿಲ್ಲ.

ವಾರ್ಡಿನ ಅಕ್ಕ: ನಾನು ಕೀಮೋ ವಾರ್ಡಿನ ನರ್ಸ್. ನಮ್ಮ ಕಷ್ಟ ಉಲ್ಟಾ. "ಹೇಗಿದ್ದೀರಿ?" ಅಂದರೆ ಹತ್ತರಲ್ಲಿ ಎಂಟು ಜನ "ಪರವಾಗಿಲ್ಲ ಸಿಸ್ಟರ್" ಅಂತಾರೆ. ಬೆರಳು ಜೋಮು ಹಿಡಿದು ಅಂಗಿ ಗುಂಡಿ ಹಾಕೋಕೆ ಆಗ್ತಿಲ್ಲ ಅನ್ನೋದನ್ನು ಹೆಂಡತಿ ಹೇಳಬೇಕು. ಡೋಸ್ ಕಡಿಮೆ ಮಾಡಿಸಿಬಿಡ್ತಾರೆ ಅನ್ನೋ ಹೆದರಿಕೆ ಕೆಲವರಿಗೆ. ಆದರೆ ಹೇಳದೆ ಬಿಟ್ಟರೆ ಆ ಜೋಮು ಹಾಗೇ ಉಳಿದುಬಿಡಬಹುದು.

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ 766 ರೋಗಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. ಎಲ್ಲರಿಗೂ ಹರಡಿದ ಕ್ಯಾನ್ಸರ್. ಒಂದು ಗುಂಪು ನೋವು, ವಾಕರಿಕೆ, ಸುಸ್ತು ಇಂಥ 12 ತೊಂದರೆಗಳನ್ನು ಕಂಪ್ಯೂಟರಿನಲ್ಲಿ ತಾವೇ ತುಂಬುತ್ತಿತ್ತು. ಜಾಸ್ತಿಯಾದರೆ ನರ್ಸ್‌ಗೆ ಇಮೇಲ್ ಹೋಗುತ್ತಿತ್ತು. ಇನ್ನೊಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. 2017ರಲ್ಲಿ ಫಲಿತಾಂಶ ಬಂತು. ತಾವೇ ತುಂಬಿದ ಗುಂಪಿನಲ್ಲಿ ಅರ್ಧ ಜನ 31.2 ತಿಂಗಳು ದಾಟಿ ಬದುಕಿದ್ದರು, ಇನ್ನೊಂದರಲ್ಲಿ 26. ಹೊಸ ಔಷಧಿ ಏನೂ ಕೊಟ್ಟಿರಲಿಲ್ಲ.

ಫ್ರಿಜ್ ಬಾಗಿಲು: ಇದನ್ನು ಪ್ರಿಂಟ್ ತೆಗೆದು ನಮ್ಮ ಡಾಕ್ಟರ ಮೇಜಿನ ಮೇಲೆ ಇಡಬೇಕು.

ತಮ್ಮ: ನನಗೆ ಸಿಟ್ಟು ಬರೋದು "ಹೋರಾಟ" ಅನ್ನೋ ಮಾತಿಗೆ. ನಮ್ಮಕ್ಕ ಕ್ಯಾನ್ಸರಿನಿಂದ ತೀರಿಕೊಂಡಾಗ ಎಲ್ಲರೂ "ಹೋರಾಡಿ ಸೋತರು" ಅಂದರು. ಡಾಕ್ಟರು ಹೇಳಿದ ಮಾತ್ರೆಯೆಲ್ಲ ಅವಳು ನುಂಗಿದಳು, ಒಂದು ಡ್ರಿಪ್ ತಪ್ಪಿಸಲಿಲ್ಲ. ಔಷಧಿ ಕೆಲಸ ಮಾಡಲಿಲ್ಲ. ಸೋತಿದ್ದು ಔಷಧಿ, ಅವಳಲ್ಲ. 1971ರಲ್ಲಿ ಅಮೆರಿಕದ ನಿಕ್ಸನ್ ಸರ್ಕಾರ ಕ್ಯಾನ್ಸರ್ ಕಾಯ್ದೆ ತಂದಾಗಿನಿಂದ ಈ "ಯುದ್ಧ"ದ ಮಾತು ಇನ್ನೂ ಜೋರಾಯಿತು. ಸರ್ಕಾರ ಬೇಕಾದರೆ ಯುದ್ಧ ಮಾಡಲಿ. ಹಾಸಿಗೆಯಲ್ಲಿ ಮಲಗಿದವಳಿಗೆ ಯಾಕೆ ಕತ್ತಿ ಕೊಡ್ತೀರಿ?

ಆರು ಸೈಕಲ್: ತಮ್ಮ, ನಿಮ್ಮ ನೋವು ಅರ್ಥವಾಗುತ್ತೆ. ಆದರೆ ನನಗೆ ಆ ಮಾತು ಬೇಕಿತ್ತು. ಸ್ಟೆರಾಯ್ಡ್ ಕೊಟ್ಟ ರಾತ್ರಿಗಳಲ್ಲಿ ನಿದ್ದೆ ಬರುತ್ತಿರಲಿಲ್ಲ, ಎರಡು ಗಂಟೆಗೆ ಎದ್ದು ಕೂತು "ಬಾ ನೋಡೇಬಿಡೋಣ" ಅಂತ ಗೋಡೆಗೆ ಹೇಳುತ್ತಿದ್ದೆ. ಹುಚ್ಚು ಅನ್ನಿ.

ತಮ್ಮ: ನೀವು ನಿಮಗೆ ಹೇಳಿಕೊಂಡರೆ ನನ್ನ ತಕರಾರಿಲ್ಲ ಅಕ್ಕ. ಬೇರೆಯವರು ಹೇಳಬಾರದು ಅಷ್ಟೇ.

ವಾರ್ಡಿನ ಅಕ್ಕ: ಏನು ಹೇಳಿದರೂ ಔಷಧಿಯ ಹೆಸರು ಮತ್ತು ಎಷ್ಟನೇ ದಿನ ಅನ್ನೋದು ಸೇರಿಸಿ. "ನರಕ" ಅಂದರೆ ನನಗೂ ಏನೂ ತಿಳಿಯೋದಿಲ್ಲ. "ಐದನೇ ದಿನದಿಂದ ಬಾಯಿ ಹುಣ್ಣು, ನೀರು ಮಾತ್ರ ಇಳಿಯುತ್ತಿತ್ತು, ಹನ್ನೆರಡನೇ ದಿನಕ್ಕೆ ಹೋಯಿತು" ಅಂದರೆ ಕೇಳಿದವರು ಆ ದಿನ ಬಂದಾಗ ಲೆಕ್ಕ ಹಾಕಿಕೊಳ್ಳುತ್ತಾರೆ. ಮುಗಿದದ್ದು ಯಾವಾಗ ಅಂತ ಹೇಳೋದನ್ನೇ ತುಂಬಾ ಜನ ಮರೀತಾರೆ.

ಮಿತಭಾಷಿ: ಇದಕ್ಕೆ ನನ್ನ ಒಪ್ಪಿಗೆ ಇದೆ. ಆದರೂ ಹಿಂದಿನ ದಿನ ಬೇಡ, ಸ್ವಲ್ಪ ಮೊದಲೇ ಹೇಳಿ.

ಆರು ಸೈಕಲ್: ಮರುದಿನದ ಸುದ್ದಿ. ಸಂಜೆ ಅವರೇ ಫೋನ್ ಮಾಡಿದರು. ಮೂತ್ರ ಕೆಂಪಗೆ ಬಂತಂತೆ. "ನೀವು ಹೇಳಿದ್ದಿರಲ್ಲ, ಹೆದರಲಿಲ್ಲ. ಮಗಳು ನೋಡಿ ಕಿರುಚಿದಳು, ನಾನೇ ಸಮಾಧಾನ ಮಾಡಿದೆ" ಅಂದರು. ಕೂದಲಿನ ಮಾತು ಮಾತ್ರ ಇನ್ನೊಂದು ಸಲ ಎತ್ತಬೇಡಿ ಅಂತಲೂ ಹೇಳಿದರು.

ವಾರ್ಡಿನ ಅಕ್ಕ: ಮನೆಯಲ್ಲಿ ಥರ್ಮಾಮೀಟರ್ ಇದೆಯಾ ಕೇಳಿ. ಒಂದು ವಾರದ ನಂತರ ಬಿಳಿ ರಕ್ತಕಣದ ಕೌಂಟ್ ಬೀಳುತ್ತೆ, ಸೋಂಕು ತಡೆಯೋ ಶಕ್ತಿ ಕಡಿಮೆಯಾಗುತ್ತೆ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಸುಮ್ನೆ ಜ್ವರದ ಮಾತ್ರೆ ನುಂಗಿ ಮಲಗಬಾರದು, ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಇದನ್ನು ಮಗಳಿಗೂ ಹೇಳಿ.