ಐವಿ ಲೈನ್ ಕೆಡುತ್ತಿರುವುದನ್ನು ಬೇಗ ಗುರುತಿಸಲು ವಿದ್ಯಾರ್ಥಿಗಳಿಗೆ ಹೇಗೆ ಕಲಿಸುತ್ತೀರಿ?

ಪ್ರಶ್ನೆ: ಟ್ಯೂಟರ್, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯಲ್ಲಿ ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷದವರಿಗೆ ಪಾಠ ಮಾಡುತ್ತೇನೆ. ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ) ಹಾಕುವುದನ್ನು ನಮ್ಮ ಮಕ್ಕಳು ಬೇಗ ಕಲಿಯುತ್ತಾರೆ. ಹಾಕಿದ ಮೇಲೆ ಆ ಲೈನ್ ಕೆಡುತ್ತಿದೆ ಅಂತ ಗುರುತಿಸುವುದು ಮಾತ್ರ ಬರುತ್ತಿಲ್ಲ. ವೈವಾದಲ್ಲಿ ಕೇಳಿದರೆ ಫ್ಲೆಬೈಟಿಸ್ (ರಕ್ತನಾಳದ ಉರಿಯೂತ) ಲಕ್ಷಣಗಳನ್ನು ಗಡಗಡ ಹೇಳುತ್ತಾರೆ: ನೋವು, ಕೆಂಪು, ಬಿಸಿ, ಊತ. ಅದೇ ಹುಡುಗಿ ವಾರ್ಡಿನಲ್ಲಿ ಊದಿದ ಕೈ ಪಕ್ಕದಲ್ಲೇ ನಿಂತು ಬಾಟಲಿ ಬದಲಾಯಿಸಿ ಬರುತ್ತಾಳೆ, ಕೈ ಕಡೆ ನೋಡುವುದೇ ಇಲ್ಲ.

ನಮ್ಮ ಊರಿನದ್ದೇ ಕಷ್ಟಗಳೂ ಇವೆ. ಪುಸ್ತಕದ ಫೋಟೋ ಎಲ್ಲ ಬಿಳಿ ಚರ್ಮದ್ದು. ತೋಟದಲ್ಲಿ ಕೆಲಸ ಮಾಡಿ ಬಿಸಿಲಲ್ಲಿ ಕಪ್ಪಾದ ಕೈ ಮೇಲೆ ಆ ಕೆಂಪು ಕಾಣುವುದಿಲ್ಲ. ಮಳೆಗಾಲದಲ್ಲಂತೂ ಎಲ್ಲರೂ ಸ್ವೆಟರ್ ತೋಳು ಎಳೆದು, ಕಂಬಳಿ ಹೊದ್ದು ಮಲಗಿರುತ್ತಾರೆ, ಲೈನ್ ಒಳಗೆಲ್ಲೋ ಇರುತ್ತದೆ. ಜುಲೈ ತಿಂಗಳಲ್ಲಿ ಇಲ್ಲಿ ಎಲ್ಲರ ಕೈಯೂ ತಣ್ಣಗೇ ಇರುತ್ತದೆ, ಹಾಗಿರುವಾಗ ಚರ್ಮ ತಣ್ಣಗಿದ್ದರೆ ಇನ್‌ಫಿಲ್ಟ್ರೇಷನ್ (ಡ್ರಿಪ್ ರಕ್ತನಾಳದ ಹೊರಗೆ, ಚರ್ಮದ ಕೆಳಗೆ ಸೇರುವುದು) ಅಂತ ಹೇಳಿಕೊಟ್ಟರೆ ಅವರಿಗೆ ಏನು ತಿಳಿಯಬೇಕು?

ಲ್ಯಾಬಿನಲ್ಲಿ ಒಂದು ಹಳೇ ಕೈ ಮಾಡೆಲ್, ಒಂದು ಪ್ರೊಜೆಕ್ಟರ್ ಇದೆ. ದೊಡ್ಡ ಸಿಮ್ಯುಲೇಟರ್ ಇಲ್ಲ. ವಿಡಿಯೋ ಮೊದಲು ತೋರಿಸಬೇಕಾ, ಸಿಮ್ಯುಲೇಶನ್ (ಮಾಡೆಲ್ ಮೇಲೆ ಅಣಕು ಅಭ್ಯಾಸ) ಮೊದಲಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ 1: ವಾರ್ಡ್ ಇನ್‌ಚಾರ್ಜ್, ವಿರಾಜಪೇಟೆ

ಮೇಡಂ, ನೀವು ಹೇಳಿದ ತಣ್ಣನೆ ಕೈ ವಿಷಯ ನೂರಕ್ಕೆ ನೂರು ನಿಜ. ಅದಕ್ಕೆ ನನ್ನ ಹತ್ತಿರ ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಒಂದೇ: ಎರಡೂ ಕೈ ಒಟ್ಟಿಗೆ ಮುಟ್ಟಿ. ಲೈನ್ ಇರುವ ಕೈ ಇನ್ನೊಂದಕ್ಕಿಂತ ಜಾಸ್ತಿ ತಣ್ಣಗಿದೆಯಾ, ಬಿಗಿಯಾಗಿದೆಯಾ, ದಪ್ಪ ಆಗಿದೆಯಾ ನೋಡಿ. ಕಪ್ಪು ಚರ್ಮದಲ್ಲಿ ಕಣ್ಣಿಗಿಂತ ಬೆರಳನ್ನು ನಂಬಬೇಕು. ಬಿಸಿ, ಗಟ್ಟಿ, ಮುಟ್ಟಿದರೆ ಕೈ ಎಳೆದುಕೊಳ್ಳುವುದು, ರಕ್ತನಾಳ ದಾರದ ಹಾಗೆ ಕೈಗೆ ಸಿಗುವುದು. ಬಣ್ಣ ಬದಲಾದರೂ ಕೆಂಪಾಗುವ ಬದಲು ಇನ್ನಷ್ಟು ಕಪ್ಪು ಅಥವಾ ನೇರಳೆ ಕಾಣಬಹುದು. ಅಸ್ಸಾಂ, ಜಾರ್ಖಂಡ್ ಕಡೆಯಿಂದ ತೋಟಕ್ಕೆ ಬಂದವರಿಗೆ ನಮ್ಮ ಭಾಷೆ ಬರುವುದಿಲ್ಲ, ಉರಿದರೂ ಸುಮ್ನೆ ಮಲಗಿರುತ್ತಾರೆ. ಬಾಯಿ ಬಿಟ್ಟು ಹೇಳಲಿ ಅಂತ ಕಾಯಲೇಬಾರದು.

ಆದರೆ ಗುರುತಿಸಿದರೆ ಮುಗಿಯಲಿಲ್ಲ. ಡ್ರಿಪ್ ನಿಧಾನ ಆದಾಗ ಹುಡುಗರು ಏನು ಮಾಡುತ್ತಾರೆ ಗಮನಿಸಿದ್ದೀರಾ? ಹನಿಯ ವೇಗ ಹೊಂದಿಸುವ ರೋಲರ್ ಇನ್ನೂ ಸಡಿಲ ಮಾಡುತ್ತಾರೆ, ಇಲ್ಲವಾದರೆ ಸಿರಿಂಜ್ ತಂದು ಜೋರಾಗಿ ಫ್ಲಶ್ ಮಾಡುತ್ತಾರೆ. ಲೈನ್ ಔಟ್ ಆಗಿದ್ದರೆ, ಅಂದರೆ ತುದಿ ರಕ್ತನಾಳದಿಂದ ಹೊರಗೆ ಬಂದಿದ್ದರೆ, ಇದ್ದಬದ್ದ ಔಷಧಿಯೆಲ್ಲ ಚರ್ಮದ ಕೆಳಗೆ ಹೋಗುತ್ತದೆ. ಸಾದಾ ಸಲೈನ್ ಆದರೆ ಊತ ಇಳಿಯುತ್ತದೆ. ಪೊಟ್ಯಾಶಿಯಂ, ಕ್ಯಾಲ್ಸಿಯಂ ಗ್ಲುಕೋನೇಟ್, ಫೆನಿಟಾಯಿನ್, ನಾರ್‌ಅಡ್ರಿನಲಿನ್, 25% ಡೆಕ್ಸ್‌ಟ್ರೋಸ್ ಆದರೆ ಚರ್ಮವೇ ಸತ್ತು ಹೋಗಬಹುದು. ನಿಮ್ಮ ಸಿಮ್ಯುಲೇಶನ್‌ನ ಪರೀಕ್ಷೆ ಆ ಗಳಿಗೆಯಲ್ಲಿ ಇರಬೇಕು. ಮೊದಲು ಇನ್‌ಫ್ಯೂಶನ್ ನಿಲ್ಲಿಸಬೇಕು. ಸೆಟ್ ಬಿಡಿಸಬೇಕು. ಅಂಥ ಔಷಧಿ ಹೊರಗೆ ಹೋಗಿದ್ದರೆ ಕ್ಯಾನುಲಾ ತಕ್ಷಣ ಕೀಳದೆ, ಫ್ಲಶ್ ಮಾಡದೆ, ಅದರ ಮೂಲಕ ಎಳೆದು ಬಂದಷ್ಟು ಔಷಧಿ ತೆಗೆದು, ಆಮೇಲೆ ಕೀಳಬೇಕು. ಊತದ ಅಂಚಿಗೆ ಪೆನ್ನಿನಲ್ಲಿ ಗೆರೆ ಹಾಕಿ, ಕೈ ಎತ್ತಿಟ್ಟು, ಡಾಕ್ಟರಿಗೆ ಹೇಳಬೇಕು. ಬಿಸಿ ಶಾಖವೋ ತಣ್ಣಗಿನದ್ದೋ ಅನ್ನುವುದು ಔಷಧಿ ಮೇಲೆ ಹೋಗುತ್ತದೆ: ನಾರ್‌ಅಡ್ರಿನಲಿನ್‌ಗೆ ಐಸ್ ಇಡಬಾರದು, ಮೊದಲೇ ಬಿಗಿದುಕೊಂಡ ರಕ್ತನಾಳ ಇನ್ನೂ ಬಿಗಿಯುತ್ತದೆ.

ಇನ್ನೊಂದು ಮಾತು. ರಕ್ತ ವಾಪಸ್ ಬಂತು, ಹಾಗಾಗಿ ಲೈನ್ ಸರಿ ಇದೆ ಅಂತ ಹುಡುಗರು ವಾದ ಮಾಡುತ್ತಾರೆ. ತುದಿ ಅರ್ಧ ಒಳಗೆ ಅರ್ಧ ಹೊರಗೆ ಇದ್ದರೂ ರಕ್ತ ಬರುತ್ತದೆ. ಪಂಪ್ ಅಲಾರಂ ಹೊಡೆಯಲಿಲ್ಲ ಅನ್ನುವುದೂ ಹಾಗೇ, ಔಟ್ ಆದ ಕೈಗೂ ಪಂಪ್ ತಳ್ಳುತ್ತಲೇ ಇರುತ್ತದೆ.

ಉತ್ತರ 2: ಸ್ಕಿಲ್ ಲ್ಯಾಬ್, ಮೈಸೂರು (ಊರು ಸೋಮವಾರಪೇಟೆ)

ದುಡ್ಡಿನ ಸಿಮ್ಯುಲೇಟರ್ ಇದಕ್ಕೆ ಬೇಡವೇ ಬೇಡ ಮೇಡಂ. ಹಳೇ ಕೈ ಮಾಡೆಲ್ ಸಾಕು. ಫ್ಲೆಬೈಟಿಸ್‌ಗೆ ಮಾಡೆಲ್ ಕೈ ಚರ್ಮದ ಕೆಳಗೆ ತೆಳ್ಳಗಿನ ಇನ್‌ಫೆಂಟ್ ಫೀಡಿಂಗ್ ಟ್ಯೂಬ್ ಒಂದು ತುಂಡು ತೂರಿಸಿ, ಬೆರಳಿಗೆ ಗಟ್ಟಿ ರಕ್ತನಾಳ ಸಿಕ್ಕ ಹಾಗೇ ಸಿಗುತ್ತದೆ. ಮೇಲೆ ಐದು ನಿಮಿಷ ಬಿಸಿನೀರಿನ ಚೀಲ ಇಟ್ಟು ತೆಗೆಯಿರಿ. ಇನ್‌ಫಿಲ್ಟ್ರೇಷನ್‌ಗೆ ಗ್ಲೌಸ್‌ಗೆ ಸ್ವಲ್ಪ ನೀರು ತುಂಬಿ ಗಂಟು ಹಾಕಿ, ಫ್ರಿಜ್‌ನಲ್ಲಿಟ್ಟು ತಂದು ಚರ್ಮದ ಕೆಳಗೆ ಸೇರಿಸಿ. ಬಣ್ಣಕ್ಕೆ ಐಶ್ಯಾಡೋ ಸಾಕು, ಆದರೆ ಬರೀ ಕೆಂಪು ಹಚ್ಚಬೇಡಿ, ನೇರಳೆ ಮತ್ತು ಕಂದು ಬೆರೆಸಿ.

ನಿಜವಾದ ಚರ್ಮದ ಬಿಗಿ ತೋರಿಸಬೇಕಾದರೆ ಚರ್ಮ ಸಮೇತ ಕೋಳಿ ಕಾಲು ತಂದು ಚರ್ಮದ ಕೆಳಗೆ ಸಲೈನ್ ಬಿಡಿ. ಕೊಡಗಿನಲ್ಲಿ ಚರ್ಮ ಇರುವ ಹಂದಿ ಮಾಂಸಕ್ಕೇನೂ ಬರ ಇಲ್ಲ, ಅದು ಮನುಷ್ಯರ ಚರ್ಮಕ್ಕೆ ಇನ್ನೂ ಹತ್ತಿರ. ಮುಟ್ಟದವರು ಕ್ಲಾಸಿನಲ್ಲಿ ಇರುತ್ತಾರೆ, ಮೊದಲೇ ಕೇಳಿಕೊಳ್ಳಿ, ಕೋಳಿಯಲ್ಲೂ ಕೆಲಸ ಆಗುತ್ತದೆ.

ತುಂಬಾ ಮುಖ್ಯವಾದದ್ದು: ಎಲ್ಲ ಕೈಯನ್ನೂ ಕೆಡಿಸಿ ಇಡಬೇಡಿ. ಆರು ಕೈ ಇಟ್ಟರೆ ಎರಡಾದರೂ ಚೆನ್ನಾಗಿರಲಿ. ಇಲ್ಲದಿದ್ದರೆ ಅವರು ಸುಮ್ನೆ ಎಲ್ಲದಕ್ಕೂ ಫ್ಲೆಬೈಟಿಸ್ ಅನ್ನುತ್ತಾರೆ, ಚೆನ್ನಾಗಿರುವ ಲೈನ್ ಕೀಳುವುದೂ ರೋಗಿಗೆ ಇನ್ನೊಂದು ಚುಚ್ಚು ಅಲ್ವಾ. ವಿಐಪಿ ಸ್ಕೋರ್ (ಲೈನ್ ಜಾಗ ನೋಡಿ ಫ್ಲೆಬೈಟಿಸ್ ಎಷ್ಟಿದೆ ಅಂತ ಕೊಡುವ ಅಂಕ) 0ಯಿಂದ 5ರವರೆಗೆ ಇದೆ. 1 ಆದರೆ ಗಮನ ಇಡುವುದು, 2 ಆದರೆ ಲೈನ್ ತೆಗೆದು ಬೇರೆ ಕಡೆ ಹಾಕುವುದು. ಈ 1 ಮತ್ತು 2ರ ನಡುವೆಯೇ ಹುಡುಗರು ತಡವರಿಸುತ್ತಾರೆ. ಅಲ್ಲಿ ಜಾಸ್ತಿ ಹೊತ್ತು ಕಳೆಯಿರಿ, 5 ಯಾರಿಗಾದರೂ ಕಾಣುತ್ತದೆ.

ವಿಡಿಯೋ ಮೊದಲು. ಎರಡು ನಿಮಿಷ ಸಾಕು, ತೊಂದರೆಯ ಹೆಸರು ಬರೆಯಬೇಡಿ, ವಿವರಣೆ ಬೇಡ. ಒಂದೇ ಕೈ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹೇಗಾಯಿತು ಅಂತ ತೋರಿಸಿ, ನಡುವೆ ನಿಲ್ಲಿಸಿ "ಏನು ಬದಲಾಯಿತು?" ಅಂತ ಕೇಳಿ. ಫೋಟೋದಲ್ಲಿ ಕಾಣದ್ದು ಈ ಬದಲಾವಣೆಯೇ. ಆದರೆ ಬಿಸಿ, ತಣ್ಣಗೆ, ಗಟ್ಟಿ ಇವು ವಿಡಿಯೋದಲ್ಲಿ ಬರುವುದಿಲ್ಲ, ಅದಕ್ಕೇ ಹಿಂದೆಯೇ ಕೈ ಮಾಡೆಲ್ ಬೇಕು. ನಿಜ ರೋಗಿಯ ಕೈ ತೆಗೆಯುವುದಾದರೆ ಬರೆದ ಒಪ್ಪಿಗೆ ಬೇಕು. ಮುಖ, ಹಚ್ಚೆ, ಕೈಪಟ್ಟಿಯ ಹೆಸರು ಬರಬಾರದು. ಬಣ್ಣ ಹಚ್ಚಿದ ಸಹಪಾಠಿ ಕೈ ಸುಲಭ. ಎಲ್ಲ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಮಳೆಗಾಲದಲ್ಲಿ ನಿಮ್ಮಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ.

ಉತ್ತರ 3: ಮಕ್ಕಳ ವಾರ್ಡ್ ಸ್ಟಾಫ್, ಕುಶಾಲನಗರ

ಮಕ್ಕಳದ್ದೂ ಒಂದು ಸ್ಟೇಶನ್ ಇಡಿ ಮೇಡಂ, ಮರೆಯಬೇಡಿ. ಸ್ಪ್ಲಿಂಟ್ ಕಟ್ಟಿ ಮೇಲೆ ಬ್ಯಾಂಡೇಜ್ ಸುತ್ತಿ ಇಟ್ಟ ಗೊಂಬೆ ಕೈ, ಬೆರಳು ಮಾತ್ರ ಊದಿರಲಿ. ಬ್ಯಾಂಡೇಜ್ ಬಿಚ್ಚಿ ನೋಡುತ್ತಾರಾ ಇಲ್ವಾ ಅನ್ನುವುದೇ ಪರೀಕ್ಷೆ. ಮಗು ಅಳುತ್ತಿದೆ, ಹಸಿವಿರಬೇಕು ಅಂತ ಅಮ್ಮ ಹೇಳುವ ಆಡಿಯೋ ಜೊತೆಗೆ ಹಾಕಿ. ದೊಡ್ಡವರ ಲೈನ್ ಕನಿಷ್ಠ 4 ಗಂಟೆಗೊಮ್ಮೆ ನೋಡಬೇಕು, ಮಕ್ಕಳದ್ದು ಗಂಟೆಗೊಮ್ಮೆ.

ಉತ್ತರ 4: ನಾಲ್ಕನೇ ವರ್ಷದ ವಿದ್ಯಾರ್ಥಿನಿ

ಮೇಡಂ, ನಮಗೆ ಜಾಸ್ತಿ ಉಪಯೋಗ ಆಗಿದ್ದು ಮುಗಿದ ಮೇಲಿನ ಮಾತುಕತೆ. ಸಿಮ್ಯುಲೇಶನ್ ಎಂಟು ನಿಮಿಷ, ಮಾತು ಅರ್ಧ ಗಂಟೆ. ನಾವು ಮಾಡಿದ್ದನ್ನೇ ಮೊಬೈಲ್‌ನಲ್ಲಿ ತೆಗೆದು ತೋರಿಸಿದಾಗ ನಾವು ಬಾಟಲಿ, ಹನಿ, ಚಾರ್ಟ್ ಇಷ್ಟನ್ನೇ ನೋಡುತ್ತಿದ್ದೇವೆ, ಸ್ವೆಟರ್ ತೋಳನ್ನು ಒಬ್ಬರೂ ಸರಿಸಲಿಲ್ಲ ಅಂತ ನಮಗೇ ಕಂಡಿತು. ಯಾರೂ ಬೈಯಬೇಕಾಗಲಿಲ್ಲ. ಆ ವಿಡಿಯೋ ಆಮೇಲೆ ಅಳಿಸುತ್ತೇವೆ ಅಂತ ಮೊದಲೇ ಹೇಳಿದ್ದರು, ಅದಕ್ಕೇ ಭಯ ಇಲ್ಲದೆ ಮಾಡಿದೆವು.

ಟ್ಯೂಟರ್, ಮಡಿಕೇರಿ

ಎಲ್ಲರಿಗೂ ತುಂಬಾ ಧನ್ಯವಾದ. ಸ್ವೆಟರ್ ತೋಳು ಮುಚ್ಚಿದ ರೋಗಿಯಿಂದಲೇ ಶುರು ಮಾಡುತ್ತೇನೆ. ಇನ್‌ಚಾರ್ಜ್ ಸಿಸ್ಟರ್, ಒಂದು ಕೇಳಲಾ? 72 ಗಂಟೆ ಆದರೆ ಲೈನ್ ಹೇಗೂ ಬದಲಾಯಿಸುತ್ತೇವಲ್ಲ ಮೇಡಂ ಅಂತ ಹುಡುಗರು ಕೇಳುತ್ತಾರೆ, ಏನು ಹೇಳಲಿ?

ವಾರ್ಡ್ ಇನ್‌ಚಾರ್ಜ್, ವಿರಾಜಪೇಟೆ

ಲೈನ್ 12 ಗಂಟೆಯಲ್ಲೂ ಕೆಡುತ್ತದೆ ಅಂತ ಹೇಳಿ ಮೇಡಂ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 3 ಆಸ್ಪತ್ರೆಗಳ 3,283 ರೋಗಿಗಳ ಮೇಲೆ ಒಂದು ಅಧ್ಯಯನ ಮಾಡಿದ್ದರು, 2012ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಮೂರನೇ ದಿನ ತಪ್ಪದೆ ಬದಲಾಯಿಸಿದವರಲ್ಲೂ, ಅಗತ್ಯ ಬಿದ್ದಾಗ ಮಾತ್ರ ಬದಲಾಯಿಸಿದವರಲ್ಲೂ ಫ್ಲೆಬೈಟಿಸ್ ಒಂದೇ ಸಮ, 7%. ಅಗತ್ಯ ಬಿದ್ದಿದೆ ಅಂತ ತಿಳಿಯಬೇಕಾದರೆ ಪ್ರತಿ ಪಾಳಿಯಲ್ಲೂ ಯಾರಾದರೂ ಕೈ ಮುಟ್ಟಿ ನೋಡಿರಲೇಬೇಕು. ನಿಮ್ಮ ಆಸ್ಪತ್ರೆಯ ನಿಯಮ 72 ಗಂಟೆ ಅಂತ ಇದ್ದರೆ ಅದನ್ನೂ ಪಾಲಿಸಲಿ, ನಡುವಿನ ಗಂಟೆಗಳಲ್ಲಿ ನೋಡುವುದನ್ನು ಬಿಡದಿರಲಿ. ಹ್ಯಾಂಡೋವರ್ ಚಾರ್ಟಿನಲ್ಲಿ ವಿಐಪಿ ಸ್ಕೋರ್‌ಗೆ ಒಂದು ಕಾಲಂ ಹಾಕಿಸಿ, ಸಿಮ್ಯುಲೇಶನ್‌ನಲ್ಲೂ ಅದೇ ಚಾರ್ಟ್ ಕೊಡಿ.