ಬ್ಲ್ಯಾಕ್ ಬೆರೆಟ್‌ಗೆ ಕನ್ನಡದಲ್ಲಿ ಏನಂತೀರಿ? (ಸ್ವಲ್ಪ ಅರ್ಜೆಂಟು)

ಫಲಕದವನು:
ಎಲ್ಲರಿಗೂ ನಮಸ್ಕಾರ. ನಮ್ಮೂರ ಪಾರ್ಕಿನಲ್ಲಿ ಸೈನ್ಯದ ಹಳೇ ಟ್ಯಾಂಕೊಂದನ್ನು ಇಡುತ್ತಿದ್ದಾರೆ. ಪಕ್ಕದ ಫಲಕದ ಕನ್ನಡ ನನ್ನ ತಲೆಗೆ ಬಿದ್ದಿದೆ. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾನೆ. ಟ್ಯಾಂಕ್ ದಳದವರು ಹಾಕುವ, ಅಂಚಿಲ್ಲದ ಮೆತ್ತನೆಯ ಕಪ್ಪು ಟೋಪಿ 'ಬ್ಲ್ಯಾಕ್ ಬೆರೆಟ್' ಬಗ್ಗೆ ಎರಡು ಸಾಲು ಇದೆ, ಅಲ್ಲೇ ಸಿಕ್ಕಿಕೊಂಡಿದ್ದೇನೆ. 'ಕರಿ ಟೋಪಿ' ಎಂದು ಬರೆದುಕೊಟ್ಟೆ. ಕಮಿಟಿಯವರು ನಕ್ಕರು. ನಮ್ಮ ಕಡೆ ಕರಿ ಟೋಪಿ ಎಂದರೆ ಮೊದಲು ನೆನಪಾಗುವುದು ಸಂಘದ ಶಾಖೆ. ಮೇಲಾಗಿ ಒಂದು ಸಾಲು 'ನಮ್ಮ ಸೈನಿಕರು ಟೋಪಿ ಹಾಕುತ್ತಾರೆ' ಎಂದು ಮುಗಿಯುತ್ತಿತ್ತು. ಯಾರಿಗೆ ಹಾಕುತ್ತಾರೆ ಅಂತ ಕೇಳಲ್ವಾ ಜನ?

ಅಚ್ಚಗನ್ನಡಿಗ:
ಟೋಪಿಯೂ ಬೇಡ, ಬೆರೆಟ್ಟೂ ಬೇಡ. ನಮ್ಮಲ್ಲೇ 'ಕುಲಾವಿ' ಇದೆ. ಅಂಚಿಲ್ಲದ, ಮೆತ್ತನೆಯ, ತಲೆಗೆ ಅಂಟಿ ಕೂರುವ ಉಡುಗೆ. 'ಕರಿಗುಲಾವಿ' ಎಂದು ಬರೆಯಿರಿ. ಕೇಳುವುದಕ್ಕೂ ಚೆನ್ನಾಗಿದೆ. ಇರುವ ಪದ ಬಿಟ್ಟು ಎರವಲಿಗೆ ಓಡುವ ಚಾಳಿ ಯಾವತ್ತು ಹೋಗುತ್ತದೋ.

ನಿಘಂಟು ಮೇಷ್ಟ್ರು:
ಕುಲಾವಿ ಪಾರ್ಸಿಯ 'ಕುಲಾಹ್'. ವಿಜಯನಗರದ ಅರಮನೆಯವರು ಹಾಕುತ್ತಿದ್ದ ಉದ್ದನೆಯ ಕುಳ್ಳಾಯಿಯೂ ಅದೇ. ಅಚ್ಚಗನ್ನಡ ಅಲ್ಲ. ಅದಿರಲಿ, ಇವತ್ತು ಕುಲಾವಿ ಎಂದರೆ ಕೂಸಿನ ಕಿವಿ ಮುಚ್ಚಿ ಗಲ್ಲದ ಕೆಳಗೆ ದಾರ ಕಟ್ಟುವುದು. ಅದನ್ನು ಟ್ಯಾಂಕ್ ಕಮಾಂಡರ್ ತಲೆಗೆ ಹಾಕಬೇಡಿ.

ಮಾಜಿ ದಫೇದಾರ:
ಮೊದಲೇ ಹೇಳುತ್ತೇನೆ, ನಾನು ಡೀಸಿ ಆಫೀಸಿನ ದಫೇದಾರ ಅಲ್ಲ. ಆರ್ಮರ್ಡ್ ಕೋರ್‌ನಲ್ಲಿ, ಅಂದರೆ ಟ್ಯಾಂಕ್ ದಳದಲ್ಲಿ, ಹವಾಲ್ದಾರನಿಗೆ ಇವತ್ತಿಗೂ ದಫೇದಾರ ಅಂತಲೇ ಹೆಸರು. ಕುದುರೆ ಹೋಗಿ ಟ್ಯಾಂಕ್ ಬಂದರೂ ಪದ ಹೋಗಲಿಲ್ಲ.

ಯೂನಿಟ್‌ನಲ್ಲಿ ಎಲ್ಲರ ಬಾಯಲ್ಲೂ ಅದು ಬೆರೆಟ್, ಇಲ್ಲವೇ ಬರೀ ಕ್ಯಾಪ್. ಹೊಸದು ಕೈಗೆ ಬಂದಾಗ ತಲೆ ಮೇಲೆ ಚಪಾತಿ ಹೊದಿಸಿದ ಹಾಗಿರುತ್ತದೆ. ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಒದ್ದೆ ಇರುವಾಗಲೇ ಹಾಕಿಕೊಂಡು ಬಲಗಿವಿಯ ಕಡೆ ಎಳೆಯಬೇಕು. ಬಿಲ್ಲೆ ಎಡಗಣ್ಣಿನ ಮೇಲೆ ನಿಲ್ಲಬೇಕು. ಹಾಗೇ ತಲೆ ಮೇಲೆ ಒಣಗಬೇಕು. ಕುತ್ತಿಗೆಗೆ ನೀರು ಇಳಿಯುತ್ತಿದ್ದರೂ ಸುಮ್ನೆ ಕೂರಬೇಕು. ಇಷ್ಟೆಲ್ಲ ಮಾಡಿಸಿಕೊಳ್ಳುವ ಟೋಪಿ ಬೇರೆ ಯಾವುದಿದೆ?

ಕಪ್ಪು ಯಾಕೆ ಅಂದರೆ ಗ್ರೀಸು, ಆಯಿಲ್ ಕಲೆ ಕಾಣಿಸುವುದಿಲ್ಲ. ಅಂಚು ಇಲ್ಲದ್ದರಿಂದ ಗನ್ನಿನ ದುರ್ಬೀನಿಗೆ ಕಣ್ಣಿಟ್ಟಾಗ ತಾಗುವುದಿಲ್ಲ, ಮೇಲೆ ಹೆಡ್‌ಫೋನ್ ಕೂರುತ್ತದೆ. ಬ್ರಿಟಿಷ್ ಟ್ಯಾಂಕ್ ದಳದವರು ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಬೆಟ್ಟದ ಪಡೆಯ ದೊಡ್ಡ ನೀಲಿ ಬೆರೆಟ್ ನೋಡಿದ್ದರು. ತಮಗೂ ಅಂಥದ್ದು ಬೇಕೆಂದರು, ಆದರೆ ಚಿಕ್ಕದು, ಕಪ್ಪು. ದೊರೆ 5ನೇ ಜಾರ್ಜ್ 1924ರಲ್ಲಿ ಒಪ್ಪಿಗೆ ಕೊಟ್ಟ. ನಮಗೆ ಬಂದದ್ದು ಆ ದಾರಿಯಲ್ಲೇ. ಪಾಕಿಸ್ತಾನದ ಟ್ಯಾಂಕ್ ದಳದ್ದೂ ಕಪ್ಪೇ. 1965ರ ಯುದ್ಧದಲ್ಲಿ ಎದುರುಬದುರು ನಿಂತವರ ತಲೆ ಮೇಲೆ ಒಂದೇ ಬಣ್ಣ.

ಫಲಕದಲ್ಲಿ 'ಎಲ್ಲರೂ' ಎಂದು ಬರೆಯಬೇಡಿ. ನಮ್ಮ ಸರ್ದಾರ್‌ಗಳು ಬೆರೆಟ್ ಹಾಕುವುದಿಲ್ಲ, ಪಗಡಿ ಕಟ್ಟುತ್ತಾರೆ.

ಪದಕಟ್ಟುಗ:
ದಫೇದಾರರ ಪತ್ರದಲ್ಲೇ ಉತ್ತರ ಇದೆ. ಒಂದು ಕಡೆಗೆ ಎಳೆದು ಹಾಕುವ ಟೊಪ್ಪಿಗೆ, ಅಂದರೆ 'ಓರೆಟೊಪ್ಪಿಗೆ'. ಫ್ರಾನ್ಸಿನವರು ಎಡಕ್ಕೆ ಎಳೆಯುತ್ತಾರೆ, ನಾವು ಬಲಕ್ಕೆ. ಎರಡೂ ಓರೆಯೇ. ಫ್ರೆಂಚರ ಉಚ್ಚಾರದಂತೆ 'ಬೆರೆ' ಎಂದು ಬರೆದರೆ ಓದುವವರು ಕಪ್ಪಿಗೆ ಏನು ಬೆರೆಸಬೇಕು ಎಂದು ಕೇಳುತ್ತಾರೆ.

ನಿಘಂಟು ಮೇಷ್ಟ್ರು:
ಗಾಂಧಿ ಟೋಪಿಯನ್ನೂ ಓರೆಯಾಗಿ ಹಾಕುವವರಿದ್ದಾರೆ.

ಕರಾವಳಿ:
ಪದಕ್ಕಿಂತ ಮೊದಲು ಅರ್ಥ ಸರಿಮಾಡಿಕೊಳ್ಳಿ. ಕಪ್ಪು ಬೆರೆಟ್ ಎಂದರೆ ಟ್ಯಾಂಕ್ ದಳ ಎಂಬುದು ಭಾರತ, ಬ್ರಿಟನ್, ಜರ್ಮನಿಗೆ ಸರಿ. ರಷ್ಯಾದಲ್ಲಿ ಅದು ನೌಕಾಪಡೆಯ ಪದಾತಿಗಳದ್ದು. 1991ರಲ್ಲಿ ಲಾಟ್ವಿಯಾದ ರಿಗಾ ನಗರದಲ್ಲಿ 'ಕಪ್ಪು ಬೆರೆಟ್‌ನವರು' ಎಂದರೆ ಜನ ಹೆದರುತ್ತಿದ್ದ ಸೋವಿಯತ್ ವಿಶೇಷ ಪೊಲೀಸರು.

ಅಮೆರಿಕದಲ್ಲಂತೂ ಇದೇ ದೊಡ್ಡ ಜಗಳ. ಕಪ್ಪು ಬೆರೆಟ್ 'ರೇಂಜರ್' ಎಂಬ ಆಯ್ದ ಕಾಲಾಳು ಪಡೆಯ ಗುರುತಾಗಿತ್ತು. ಸೇನೆಯ ಮುಖ್ಯಸ್ಥ ಎರಿಕ್ ಶಿನ್ಸೆಕಿ 2000ದಲ್ಲಿ, ಇನ್ನು ಇಡೀ ಸೇನೆಗೆ ಅದೇ ಎಂದರು. ರೇಂಜರ್‌ಗಳು ಸಿಟ್ಟಾದರು. ಕೊನೆಗೆ ಅವರಿಗೆ ಕಂದು ಮಣ್ಣಿನ ಬಣ್ಣದ್ದು ಕೊಟ್ಟು ಸಮಾಧಾನ ಮಾಡಿದರು. ಅಷ್ಟರಲ್ಲಿ ತರಿಸಿದ ಬೆರೆಟ್‌ಗಳಲ್ಲಿ ಒಂದು ಪಾಲು ಚೀನಾದಲ್ಲಿ ತಯಾರಾದದ್ದು ಎಂದು ಗೊತ್ತಾಗಿ ಇನ್ನೊಂದು ಗಲಾಟೆ. ಸೈನಿಕರು ಅವನ್ನು ಹಾಕಬಾರದು ಎಂದು ಆದೇಶವಾಯಿತು. ಬಿಸಿಲಿಗೆ ನೆರಳಿಲ್ಲ ಎಂದು ಸೈನಿಕರು ಗೊಣಗುತ್ತಲೇ ಇದ್ದರು. 2011ರಲ್ಲಿ ದಿನನಿತ್ಯದ ಉಡುಪಿಗೆ ಅಂಚಿನ ಕ್ಯಾಪೇ ವಾಪಸ್ ಬಂತು.

ಹಾಗಾಗಿ 'ಜಗತ್ತಿನ ಟ್ಯಾಂಕ್ ಸೈನಿಕರ ಗುರುತು' ಎಂದು ಫಲಕದಲ್ಲಿ ಹಾಕಿದರೆ ತಪ್ಪಾಗುತ್ತದೆ.

ಅಚ್ಚಗನ್ನಡಿಗ:
ಅಮೆರಿಕದ ಕತೆ ಕಟ್ಟಿಕೊಂಡು ನಮಗೇನು? ಕೇಳಿದ್ದು ಕನ್ನಡ ಪದ. ಕುಲಾವಿ ಬೇಡವಾದರೆ 'ಮುಂಡಾಸು' ಇದೆ.

ಮಾಜಿ ದಫೇದಾರ:
ಮುಂಡಾಸು ಸುತ್ತುವುದು. ಬೆರೆಟ್ ಸುತ್ತುವುದಿಲ್ಲ.

ನಿಘಂಟು ಮೇಷ್ಟ್ರು:
ಅಚ್ಚಗನ್ನಡಿಗರೇ, ಸೈನ್ಯದ ವಿಷಯದಲ್ಲಿ ಶುದ್ಧಿ ಮಾಡಹೊರಟರೆ ಏನು ಉಳಿಯುತ್ತದೆ ನೋಡಿ. ಸಿಪಾಯಿ ಪಾರ್ಸಿ. ಸೈನಿಕ ಸಂಸ್ಕೃತ. ನೀವು ಹೋದ ವಾರ ಇದೇ ಗುಂಪಿನಲ್ಲಿ 'ಇಂಗ್ಲಿಷಿಗೆ ಕುಮ್ಮಕ್ಕು ಕೊಡಬೇಡಿ' ಎಂದು ಬರೆದಿರಿ. ಕುಮ್ಮಕ್ಕು ಕೂಡ ತುರ್ಕಿ ಭಾಷೆಯಿಂದ ಪಾರ್ಸಿಗೆ ಬಂದು ನಮಗೆ ಸಿಕ್ಕ ಪದ. ಇನ್ನು ಬೆರೆಟ್ ಇಂಗ್ಲಿಷಿನದೂ ಅಲ್ಲ. ಫ್ರಾನ್ಸಿನ ಬೆಟ್ಟದ ಕುರುಬರ ಆಡುಮಾತಿನದು. ಪಾದ್ರಿಗಳ ಚೌಕಾಕಾರದ ಟೋಪಿ ಬಿರೆಟ್ಟಾಗೂ ಅದಕ್ಕೂ ಬೇರು ಒಂದೇ. ಇಂಗ್ಲಿಷರು ಹಾಗೇ ಇಟ್ಟುಕೊಂಡರು. ನಾವು ಇಟ್ಟುಕೊಂಡರೆ ಏನು ಗಂಟು ಹೋಗುತ್ತದೆ?

ಅಚ್ಚಗನ್ನಡಿಗ:
ಬಂದದ್ದು ಬೇರೆ, ಹೇರಿದ್ದು ಬೇರೆ. ಕುಮ್ಮಕ್ಕು ನಮ್ಮ ಬಾಯಿಗೆ ಹೊಂದಿಕೊಂಡಿತು. ಬೆರೆಟ್ ಇನ್ನೂ ಹೊಂದಿಕೊಂಡಿಲ್ಲ. ನಿಮ್ಮ ವಾದ ಹಿಡಿದರೆ ಒಂದೂ ಹೊಸ ಪದ ಹುಟ್ಟಲ್ಲ.

ಕರಾವಳಿ:
ಎನ್‌ಸಿಸಿ ಮಾಡಿದ ಯಾವ ಹುಡುಗಿಯನ್ನಾದರೂ ಕೇಳಿ, ಹೊಂದಿಕೊಂಡಿದೆಯೋ ಇಲ್ಲವೋ ಹೇಳುತ್ತಾಳೆ. ನಮ್ಮ ಪೊಲೀಸರ, ಒಂದು ಬದಿ ಅಂಚು ಮಡಚಿದ 'ಸ್ಲೋಚ್ ಹ್ಯಾಟ್' ಬದಲಾಯಿಸುವ ಸುದ್ದಿ ಬಂದಾಗ ಕನ್ನಡ ಪತ್ರಿಕೆಗಳು ಹಾಗೇ ಬರೆದವು. ಯಾರಿಗೂ ಅರ್ಥವಾಗದೆ ಹೋಗಲಿಲ್ಲ.

ಫಲಕದವನು:
ಎಲ್ಲರಿಗೂ ಥ್ಯಾಂಕ್ಸ್. ಪೇಂಟರ್‌ಗೆ ಹೀಗೆ ಕೊಡುತ್ತಿದ್ದೇನೆ:

'ಭಾರತೀಯ ಸೇನೆಯ ಟ್ಯಾಂಕ್ ದಳದ ಗುರುತು ಕಪ್ಪು ಬೆರೆಟ್ ಟೋಪಿ. ಎಣ್ಣೆ, ಮಸಿಯ ಕಲೆ ಕಾಣಬಾರದೆಂದು ಕಪ್ಪು ಬಣ್ಣ. ಇಕ್ಕಟ್ಟಿನಲ್ಲಿ ಅಡ್ಡ ಬರಬಾರದೆಂದು ಅಂಚಿಲ್ಲ. ದಳದ ಸಿಖ್ ಯೋಧರು ಪಗಡಿ ಧರಿಸುತ್ತಾರೆ.'

ಸೈನಿಕರನ್ನೇ 'ಬ್ಲ್ಯಾಕ್ ಬೆರೆಟ್ಸ್' ಎಂದ ಕಡೆಯಲ್ಲೆಲ್ಲ 'ಟ್ಯಾಂಕ್ ದಳದವರು' ಎಂದುಬಿಟ್ಟೆ. ತೊಂದರೆ ಇಲ್ಲ ತಾನೆ?

ಪದಕಟ್ಟುಗ:
'ಬೆರೆಟ್ ಟೋಪಿ' ಎಂದರೆ 'ಗೇಟ್ ಬಾಗಿಲು' ಎಂದಂತೆ. ಒಂದನ್ನು ಹೊಡೆದುಹಾಕಿ.

ಮಾಜಿ ದಫೇದಾರ:
ಬೇಡ, ಇರಲಿ. ಪಾರ್ಕಿಗೆ ಬರುವ ಮಕ್ಕಳಿಗೆ ಗೊತ್ತಾಗಬೇಕು.

ಅಚ್ಚಗನ್ನಡಿಗ:
ಹಾಗಾದರೆ 'ಟ್ಯಾಂಕ್'ಗೆ ಕನ್ನಡ ಏನು ಎಂದು ಯಾರೂ ಕೇಳಲೇ ಇಲ್ಲ.

ನಿಘಂಟು ಮೇಷ್ಟ್ರು:
ಬೇರೆ ಪತ್ರ ಶುರುಮಾಡಿ. ಗುಜರಾತಿಯಲ್ಲಿ ನೀರಿನ ತೊಟ್ಟಿಗೆ ಹೇಳುವ 'ಟಾಂಕು' ನೋಡಿಕೊಂಡು ಬನ್ನಿ.